ಮೀಸೆ ಮಾವನ ಬಾಣಂತನ

ಮಕ್ಕಳೇ, ನಮ್ಮ ಮನೆಯ ಮೀಸೆ ಮೀನಿನ ಮೊಟ್ಟೆಗಳು ಎರಡನೆಯ ಸಲವೂ ಹಾಳಾದ ಸುದ್ದಿಯನ್ನು ಬೇಸಿಗೆ ರಜೆಯಲ್ಲಿ ಈ ಅಂಕಣದಲ್ಲಿ ಬರೆದಿದ್ದೆ. ಆಮೇಲೆ ನಿಮ್ಮಲ್ಲಿ ಹಲವರು ‘ಅಜ್ಜಾ, ಮುಂದೇನಾಯಿತು?’ ಎಂದು ಕೇಳಿ ಪತ್ರ ಬರೆದಿರಿ. ಉತ್ತರ ಕೊಡಲು ಇಷ್ಟು ದಿನ ತಡೆದದ್ದು ಭಯದಿಂದ. ಕೈಗೆ ಬಂದದ್ದು ಬಾಯಿಗೆ ಬಂತು ಅನ್ನುವ ಮೊದಲು ಹತ್ತು ಸಲ ಯೋಚಿಸುವುದು ಬ್ಯಾಂಕಿನ ಕೌಂಟರಿನಲ್ಲಿ ಕಲಿತ ಬುದ್ಧಿ. ಈಗ ಚೌತಿಯ ಗದ್ದಲ ಮುಗಿದಿದೆ, ಮರಿಗಳು ಒಂದೊಂದು ಅಂಗುಲ ಆಗಿವೆ, ಇನ್ನು ಹೇಳಬಹುದು. ನಮ್ಮ ಮನೆಯಲ್ಲಿ ಬಾಣಂತನ ಸುಸೂತ್ರವಾಗಿ ಮುಗಿದಿದೆ. ಬಾಣಂತನ ಮಾಡಿದವನು, ಮಾಡಿಸಿಕೊಂಡವನು ಇಬ್ಬರೂ ಒಬ್ಬನೇ: ಮೀಸೆ ಮಾವ.

ಹೆಸರಿಟ್ಟವಳು ಮೊಮ್ಮಗಳು. ಹೊಸಬರಿಗಾಗಿ ಇನ್ನೊಮ್ಮೆ ಪರಿಚಯ ಹೇಳುತ್ತೇನೆ. ಉದ್ದ ಐದು ಅಂಗುಲ. ಮೈ ಇದ್ದಿಲಿನ ಕಪ್ಪು, ಅದರ ಮೇಲೆ ಜೋಳದ ಹಿಟ್ಟು ಉದುರಿಸಿದ ಹಾಗೆ ಸಣ್ಣ ಸಣ್ಣ ಬಿಳಿ ಚುಕ್ಕೆ. ಮೈಗೆ ಹುರುಪೆ ಇಲ್ಲ, ಎಲುಬಿನ ಪಟ್ಟಿಗಳನ್ನು ಸಾಲಾಗಿ ಜೋಡಿಸಿದ ಕವಚ ಇದೆ. ಬಾಯಿ ಕೆಳಗಡೆ, ತಟ್ಟೆಯ ಹಾಗೆ. ಅದರಿಂದ ಗಾಜಿಗೆ ಅಂಟಿಕೊಂಡು ನಿಲ್ಲುತ್ತಾನೆ. ಮೂತಿಯ ಮೇಲೆ ಕವಲೊಡೆದ ಮೆತ್ತನೆಯ ಮೀಸೆಗಳ ಪೊದೆ. ಇಂಗ್ಲಿಷಿನವರು ಇವನ ಕುಲಕ್ಕೆ ‘ಬ್ರಿಸಲ್‌ನೋಸ್’ ಅನ್ನುತ್ತಾರೆ, ಬಿರುಗೂದಲಿನ ಮೂತಿ ಅಂತ. ಮುಟ್ಟಿದವರಿಗೆ ಗೊತ್ತು, ಅದು ಬಿರುಸೇ ಅಲ್ಲ, ನೆನೆಸಿದ ಶ್ಯಾವಿಗೆ. ಶಾಸ್ತ್ರಜ್ಞರ ಹೆಸರು ಆನ್ಸಿಸ್ಟ್ರಸ್. ಹೆಣ್ಣಿಗೆ ಮೀಸೆ ಇಲ್ಲವೆಂದೇ ಹೇಳಬೇಕು, ಮೂತಿಯ ಅಂಚಿನಲ್ಲಿ ನಾಲ್ಕಾರು ಎಳೆ ಇದ್ದರೆ ಹೆಚ್ಚು.

ಇವನು ಮನೆಗೆ ಬರಲು ಕಾರಣ ನಾನು ಮಾಡಿದ ಒಂದು ತಪ್ಪು. ಅದನ್ನು ಈ ಅಂಕಣದಲ್ಲಿ ಇದುವರೆಗೆ ಬರೆದಿರಲಿಲ್ಲ.

2011ರಲ್ಲಿ ನಿವೃತ್ತನಾದೆ. ಬೀಳ್ಕೊಡುಗೆಯಲ್ಲಿ ಶಾಲು, ಗೋಡೆ ಗಡಿಯಾರ, ಹಾವೇರಿ ಅಂದಮೇಲೆ ಏಲಕ್ಕಿ ಹಾರ, ಎಲ್ಲ ಆಯಿತು. ಮಗ ಮಾತ್ರ 2 ಅಡಿಯ ಗಾಜಿನ ತೊಟ್ಟಿ ತಂದುಕೊಟ್ಟ. ಲೆಡ್ಜರ್ ನೋಡುವುದು ಬಿಟ್ಟ ಕಣ್ಣಿಗೆ ನೋಡಲು ಏನಾದರೂ ಬೇಕಲ್ಲ ಅಂದ. ನಾಲ್ಕು ಗಪ್ಪಿ, ಎರಡು ಗೋಲ್ಡ್ ಫಿಶ್ ಹಾಕಿದೆವು. ವಾರದೊಳಗೆ ಗಾಜಿಗೆ ಹಸಿರು ಪಾಚಿ ಹಿಡಿಯಿತು. ಅಂಗಡಿಯವನನ್ನು ಕೇಳಿದರೆ ಎರಡು ಅಂಗುಲದ ಒಂದು ಕಂದು ಮೀನನ್ನು ಚೀಲಕ್ಕೆ ಹಾಕಿ, ‘ಸಕ್ಕರ್ ಫಿಶ್ ರೀ, ತೊಟ್ಟಿ ತೊಳಿಯೂ ಕೆಲಸನ ಇಲ್ಲ’ ಅಂದ. 40 ರೂಪಾಯಿ. ಐದು ವರ್ಷದ ಮೊಮ್ಮಗ ಅದನ್ನು ‘ಸಕ್ಕರಿ ಮೀನು’ ಎಂದು ಕರೆದ. ಮನೆಯವರೆಲ್ಲ ಹಾಗೇ ಕರೆದೆವು.

ಸಕ್ಕರಿ ಮೀನು ಎರಡು ವರ್ಷದಲ್ಲಿ ಒಂದು ಅಡಿ ದಾಟಿತು. ತಿರುಗಲು ಜಾಗ ಇಲ್ಲದೆ ಬಾಲದಿಂದ ಗಾಜಿಗೆ ಹೊಡೆಯುತ್ತಿತ್ತು. ಪಾಚಿ ತಿನ್ನುವುದನ್ನು ಯಾವಾಗಲೋ ಬಿಟ್ಟಿತ್ತು, ಮಾಡುವ ಹೊಲಸು ಮಾತ್ರ ಹತ್ತು ಮೀನಿನಷ್ಟು. ಅಂಗಡಿಯವನು ವಾಪಸು ತೆಗೆದುಕೊಳ್ಳಲು ಒಲ್ಲೆ ಅಂದ. ಒಂದು ಭಾನುವಾರ ಮುಂಜಾನೆ ಬಕೆಟ್ಟಿಗೆ ಹಾಕಿ, ಸ್ಕೂಟರಿನ ಮುಂದೆ ಮೊಮ್ಮಗನನ್ನು ನಿಲ್ಲಿಸಿಕೊಂಡು ಊರ ಹೊರಗಿನ ಒಂದು ಕೆರೆಗೆ ಹೋದೆ. ಮೀನು ನೀರಿಗಿಳಿಯಿತು. ಹುಡುಗ ಕೈಮುಗಿದ. ನಾನೂ ಪುಣ್ಯದ ಕೆಲಸ ಮಾಡಿದೆ ಅಂತಲೇ ಮನೆಗೆ ಬಂದು ಎರಡು ಕಪ್ ಚಹಾ ಕುಡಿದೆ.

ನಾಲ್ಕು ವರ್ಷ ಕಳೆದಿರಬೇಕು. ಅದೇ ಕೆರೆಯ ದಂಡೆಯಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಕೂತಿದ್ದೆ. ಮೀನು ಹಿಡಿಯುವವರೊಬ್ಬರು ಬಲೆ ಬಿಡಿಸುತ್ತಿದ್ದರು. ನಮ್ಮ ಬ್ಯಾಂಕಿನಲ್ಲಿ ಅವರದೊಂದು ಉಳಿತಾಯ ಖಾತೆ ಇತ್ತು, ಆದ್ದರಿಂದ ಮುಖ ಪರಿಚಯ. ಬಲೆಯಲ್ಲಿ ಒಂದೂವರೆ ಅಡಿಯ ಕರಿ ಮೀನು ಸಿಕ್ಕಿಕೊಂಡಿತ್ತು. ಮೈತುಂಬ ಚಿರತೆಯ ಹಾಗೆ ಬರೆ, ರೆಕ್ಕೆಯ ಮುಳ್ಳುಗಳಿಗೆ ದಾರ ಸುತ್ತಿ ಗಂಟಾಗಿತ್ತು. ಅವರು ಕುಡುಗೋಲಿನಿಂದ ಬಲೆಯನ್ನೇ ಕೊಯ್ದು ಅದನ್ನು ತೆಗೆದರು.

‘ಇದೆಂಥಾ ಮೀನ್ರಿ ಸಾಹೇಬ್ರ? ತಿನ್ನಾಕ ಬರೂದಿಲ್ಲ, ಮಾರಾಕ ಬರೂದಿಲ್ಲ, ಬಲಿ ಅಷ್ಟ ಹರಿತೈತಿ. ವರ್ಷಾ ವರ್ಷಾ ಹೆಚ್ಚಾಗಾಕತ್ತಾವು’ ಅಂದರು.

ನನಗೆ ಗೊತ್ತಾಯಿತು. ಆದರೂ ಬಾಯಿ ಬಿಡಲಿಲ್ಲ. ‘ಹೌದಾ, ವಿಚಿತ್ರ ಐತಿ’ ಎಂದು ಎದ್ದು ಬಂದೆ.

ಒಂದೇ ಮೀನಿನಿಂದ ಸಂತಾನ ಆಗುವುದಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆದರೆ ಲೆಕ್ಕ ಬಿಡುತ್ತದೆಯೇ? 2 ಅಡಿಯ ತೊಟ್ಟಿ, 40 ರೂಪಾಯಿಯ ಮೀನು, ಸ್ಕೂಟರು, ಬಕೆಟ್ಟು ಊರಿನಲ್ಲಿ ನನಗೊಬ್ಬನಿಗೇ ಇದ್ದವೇನು? ಆಮೇಲೆ ಓದಿ ತಿಳಿದುಕೊಂಡೆ. ಅದರ ಕುಲದ ಹೆಸರು ಟೆರಿಗೋಪ್ಲಿಕ್ತಿಸ್. ಮೂಲ ದಕ್ಷಿಣ ಅಮೆರಿಕ. ಕೆರೆಯ ಏರಿಯಲ್ಲಿ, ನದಿಯ ದಂಡೆಯಲ್ಲಿ ಉದ್ದುದ್ದ ಬಿಲ ಕೊರೆದು ಮೊಟ್ಟೆ ಇಡುತ್ತದೆ, ಮಣ್ಣು ಕುಸಿಯುತ್ತದೆ. ನೀರಿನಲ್ಲಿ ಆಮ್ಲಜನಕ ಇಲ್ಲದಿದ್ದರೆ ಮೇಲೆ ಬಂದು ಗಾಳಿ ನುಂಗಿ ಬದುಕುತ್ತದೆ. ಮೆಕ್ಸಿಕೋದ ಇನ್ಫಿಯೆರ್ನಿಲ್ಲೋ ಎಂಬ ದೊಡ್ಡ ಅಣೆಕಟ್ಟಿನ ಹಿನ್ನೀರಿನಲ್ಲಿ ಇದು ಹಬ್ಬಿ, ಅಲ್ಲಿಯ ಬೆಸ್ತರ ಬದುಕೇ ಅಲ್ಲಾಡಿತು. ಅಲ್ಲಿ ಇದಕ್ಕೆ ದೆವ್ವದ ಮೀನು ಎಂದೇ ಹೆಸರು. ನಮ್ಮ ದೇಶದಲ್ಲೂ ಆಂಧ್ರ, ತಮಿಳುನಾಡು, ಕೇರಳ, ಬಿಹಾರ, ಬಂಗಾಳದ ನೀರುಗಳಲ್ಲಿ ನೆಲೆ ಊರಿದೆ. ಎಲ್ಲ ಕಡೆಗೂ ಅದು ಹೋಗಿರುವುದು ಅಲಂಕಾರದ ಮೀನಿನ ವ್ಯಾಪಾರದ ಬೆನ್ನು ಹತ್ತಿ, ಗಾಜಿನ ತೊಟ್ಟಿಯ ದಾರಿಯಿಂದ.

ಹಾಗಾದರೆ ಪಾಚಿ ತಿನ್ನುವ, ಆದರೆ ದೊಡ್ಡದಾಗದ ಮೀನು ಇಲ್ಲವೇ? ಇದೆ ಎಂದು ಹೇಳಿದವನು ಬ್ಯಾಡಗಿಯ ನನ್ನ ಗೆಳೆಯ. ರಾಣೆಬೆನ್ನೂರಿನ ಶಾಖೆಯಲ್ಲಿ ನನ್ನ ಪಕ್ಕದ ಕೌಂಟರಿನಲ್ಲಿದ್ದವನು. ಅವನ ಮನೆ ಮೆಣಸಿನಕಾಯಿ ಮಾರುಕಟ್ಟೆಗೆ ಹತ್ತಿರ. ಸುಗ್ಗಿಯ ಕಾಲದಲ್ಲಿ ಹೋದರೆ ಮೀನು ನೋಡುವ ಮೊದಲು ಎಂಟು ಸೀನು. ತೊಟ್ಟಿಗೆ ಗಾಳಿ ಊದುವ ಪಂಪು ಹೊರಗಿನ ಗಾಳಿಯನ್ನೇ ಎಳೆಯುತ್ತದಲ್ಲ, ಆದ್ದರಿಂದ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಇಟ್ಟಿರುತ್ತಾನೆ. ‘ನಮ್ಮೂರ ಕಾಯಿ ಖಾರ ಕಡಿಮಿ, ಬಣ್ಣ ಜಾಸ್ತಿ, ಮೀನಿಗೆ ಏನೂ ಆಗೂದಿಲ್ಲ’ ಅನ್ನುತ್ತಲೇ ಬಟ್ಟೆ ಸುತ್ತುತ್ತಾನೆ! ಅವನ ಹತ್ತಿರ ಸಾಮಾನ್ಯ ಕಂದು ಬಣ್ಣದ ಮೀಸೆ ಮೀನುಗಳಿದ್ದವು. ನಾಲ್ಕೈದು ಅಂಗುಲಕ್ಕೆ ಬೆಳವಣಿಗೆ ನಿಂತುಬಿಡುತ್ತದೆ. ಅವನಿಂದ ನಾಲ್ಕು ತಂದೆ. ನಮ್ಮ ಗಡಸು ನೀರಿನಲ್ಲೂ ತಕರಾರಿಲ್ಲದೆ ಬದುಕಿದವು, ತೆಂಗಿನ ಕರಟದೊಳಗೆ ಮರಿಯನ್ನೂ ಮಾಡಿದವು.

ಅಷ್ಟಕ್ಕೆ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. ಈ ಕುಲದಲ್ಲೇ ಅಪರೂಪದ್ದೊಂದಿದೆ, ಚುಕ್ಕೆಯದು, ಚಿಕ್ಕಂದಿನಲ್ಲಿ ಬೆನ್ನಿನ ರೆಕ್ಕೆಗೂ ಬಾಲಕ್ಕೂ ಬಿಳಿ ಜರಿಯಂಚು ಇರುತ್ತದೆ ಎಂದು ಓದಿದೆ. ಬ್ರೆಜಿಲ್ಲಿನ ರಿಯೊ ನೀಗ್ರೊ ನದಿಯದು. ಅದರ ಶಾಸ್ತ್ರೀಯ ಹೆಸರು ಆನ್ಸಿಸ್ಟ್ರಸ್ ಡೊಲಿಕೊಪ್ಟೆರಸ್, 1854ರಲ್ಲಿ ಕ್ನೆರ್ ಎಂಬ ವಿಜ್ಞಾನಿ ಇಟ್ಟದ್ದು. ತಮಾಷೆ ನೋಡಿ, ಈ ಹೆಸರಿನ ಚೀಟಿ ಅಂಟಿಸಿಕೊಂಡು ಅಂಗಡಿಗಳಲ್ಲಿ ಬಹಳ ಕಾಲ ಮಾರಾಟವಾದದ್ದು ಆ ಕಂದು ಮೀನು! ಬೇರೆಯವರ ಪಾಸ್‌ಬುಕ್ ಹಿಡಿದು ಹಣ ತೆಗೆಯಲು ಬಂದವರ ಹಾಗೆ. ಈ ಗೊಂದಲ ತಪ್ಪಿಸಲು ಜರ್ಮನಿಯ ಒಂದು ಮೀನು ಪತ್ರಿಕೆ 1988ರಲ್ಲಿ ಒಳ್ಳೆಯ ಉಪಾಯ ಮಾಡಿತು. ಈ ಕವಚದ ಮೀನುಗಳ ಕುಟುಂಬದ ಹೆಸರು ಲೋರಿಕೇರಿಡೆ. ಹೆಸರು ಗೊತ್ತಿಲ್ಲದ ಪ್ರತಿಯೊಂದು ಹೊಸ ಮೀನಿಗೂ ‘ಎಲ್’ ಅಕ್ಷರದ ಮುಂದೆ ಒಂದು ನಂಬರು. ಖಾತೆ ನಂಬರಿನ ಹಾಗೆಯೇ, ಅದಕ್ಕೇ ನನಗೆ ಬಹಳ ಹಿಡಿಸಿತು. ನಮ್ಮ ಚುಕ್ಕೆಯವನದು ಎಲ್ 183. ಖಾತೆ ನಂಬರ್ 1 ಯಾರದು ಗೊತ್ತೇ? ಆ ದೊಡ್ಡ ಸಕ್ಕರಿ ಮೀನಿನ ದಾಯಾದಿಯದು.

ಚೆನ್ನೈನ ಕೊಳತ್ತೂರು ಬಣ್ಣದ ಮೀನು ಸಾಕುವವರ ಊರು, ಮನೆ ಮನೆಯ ಮಾಳಿಗೆಯ ಮೇಲೂ ತೊಟ್ಟಿ. ಅಲ್ಲಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಅಳಿಯನ ಕೈಯಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಆರು ಮರಿಗಳು ಬಂದವು. ಆಮ್ಲಜನಕ ತುಂಬಿದ ಚೀಲ, ಅದರ ಸುತ್ತ ದಿನಪತ್ರಿಕೆ, ಅದರ ಸುತ್ತ ಅಳಿಯನ ಮಫ್ಲರು. ನಸುಕಿನಲ್ಲಿ ಹಾವೇರಿ ಸ್ಟೇಶನ್ನಿನಲ್ಲಿ ಇಳಿಸಿಕೊಂಡೆ. ಒಂದೊಂದಕ್ಕೆ 900 ರೂಪಾಯಿ. ಈ ಅಂಕಿಯನ್ನು ಮನೆಯಾಕೆಗೆ ಹೇಳಿದ್ದು ಮೂರು ತಿಂಗಳು ಕಳೆದ ಮೇಲೆ. ‘ಒಂಬತ್ ನೂರಕ್ಕ ಒಂದು ಇಲಕಲ್ ಸೀರಿ ಬರ್ತಿತ್ತು. ಅದೂ ಕರೀದ, ಬಿಳಿ ಚುಕ್ಕಿದ’ ಅಂದಳು. ಈಗ ಅದಕ್ಕೆ ಸವತೆಕಾಯಿ ಹೆಚ್ಚಿ ಹಾಕುವವಳು ಅವಳೇ.

ಮೀಸೆ ಮೂಡಿ ಗಂಡು ಯಾವುದು, ಹೆಣ್ಣು ಯಾವುದು ಎಂದು ತಿಳಿಯಲು ವರ್ಷ ಹಿಡಿಯಿತು. ಉಳಿದದ್ದು ಐದು: ಎರಡು ಗಂಡು, ಮೂರು ಹೆಣ್ಣು. ಗಂಡಿಗೆ ಗವಿ ಬೇಕು. ಒಂದು ಕಡೆ ಮುಚ್ಚಿದ, ಇನ್ನೊಂದು ಕಡೆ ಬಾಯಿ ಇರುವ, ಅವನ ಮೈ ತುರುಕುವಷ್ಟೇ ಅಗಲದ ಕೊಳವೆ. ಬ್ಯಾಡಗಿಯ ಗೆಳೆಯ ಕುಂಬಾರರೊಬ್ಬರ ಕಡೆ ಕರೆದುಕೊಂಡು ಹೋದ. ಆರು ಅಂಗುಲ ಉದ್ದ, ಎರಡು ಅಂಗುಲ ಅಗಲ ಎಂದು ಸ್ಕೇಲು ಇಟ್ಟು ತೋರಿಸಿದೆ. ಅವರು ಮೀನಿನ ಅಳತೆಯನ್ನು ಕೇಳಿದರು, ಸ್ಕೇಲನ್ನು ನೋಡಲಿಲ್ಲ. ಐದು ನಿಮಿಷದಲ್ಲಿ ನಾಲ್ಕು ಕೊಳವೆ ಎಳೆದರು. ಬಣ್ಣ ಬೇಡ, ಮೆರುಗು ಬೇಡ, ಬರೀ ಸುಟ್ಟ ಮಣ್ಣು.

ಮೊದಲ ಸಲ ಮೊಟ್ಟೆ ಇಟ್ಟಾಗ ಕೆಡಿಸಿದವನು ನಾನೇ. ಸಂಭ್ರಮಕ್ಕೆ ತಾಸಿಗೊಮ್ಮೆ ಬ್ಯಾಟರಿ ಬಿಟ್ಟು ಗವಿಯೊಳಗೆ ಇಣುಕಿದೆ. ಮೂರನೆಯ ದಿನ ಅವನು ಗೊಂಚಲನ್ನೇ ಹೊರಗೆ ತಳ್ಳಿದ. ಎರಡನೆಯ ಸಲ ಇಣುಕಲಿಲ್ಲ, ಆದರೂ ಮೊಟ್ಟೆಗಳು ಬಿಳಿಚಿ ಬೂಸಲು ಬಂದವು. ನೀವು ಬೇಸಿಗೆಯಲ್ಲಿ ಓದಿದ್ದು ಅದನ್ನೇ.

ತಪ್ಪು ನೀರಿನದು. ರಿಯೊ ನೀಗ್ರೊ ಅಂದರೆ ಕರಿ ನದಿ. ಕಾಡಿನ ಎಲೆಗಳು ಕೊಳೆತು ನೀರು ಚಹಾ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿರುತ್ತದೆ. ಸ್ವಲ್ಪ ಹುಳಿ, ಸುಣ್ಣದ ಅಂಶ ಇಲ್ಲವೇ ಇಲ್ಲ, ಮಳೆ ನೀರಿನಷ್ಟೇ ಮೆದು. ನಮ್ಮ ಬೋರಿನ ನೀರು ಹೇಗಿದೆ? ಸ್ನಾನದ ಹಂಡೆಗೆ ಬಿಳಿ ಹೊಪ್ಪಳೆ ಕಟ್ಟುತ್ತದೆ, ಬೇಳೆ ಬೇಯುವುದಿಲ್ಲ. ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ, ಪೆನ್ನಿನಂಥ ಒಂದು ಟಿಡಿಎಸ್ ಮೀಟರು ಸಿಗುತ್ತದೆ. ಅದನ್ನು ಅದ್ದಿದರೆ ನಮ್ಮ ಬೋರಿನದು 800 ತೋರಿಸಿತು. ಮಳೆ ನೀರು 20. ಎರಡನೆಯ ಸಲ ನಾನು ಅರ್ಧಕ್ಕೆ ಅರ್ಧ ಬೆರೆಸಿದ್ದೆ. ಎಷ್ಟಾಯಿತು? 410. ದೊಡ್ಡ ಮೀನು ಅದರಲ್ಲಿ ಬದುಕುತ್ತದೆ, ಮೊಟ್ಟೆಗೆ ಆಗುವುದಿಲ್ಲ. ನನ್ನ ಗುರಿ 100ರ ಒಳಗೆ. ಹಾಗಾದರೆ ಒಂದು ಕೊಡ ಬೋರಿನ ನೀರಿಗೆ ಎಷ್ಟು ಕೊಡ ಮಳೆ ನೀರು ಬೇಕು? ಐದನೆಯ ತರಗತಿಯ ಮೊಮ್ಮಗಳು ಪಾಟಿಯ ಮೇಲೆ ಬಿಡಿಸಿದಳು: ಒಂಬತ್ತು ಕೊಡ ಮಳೆ ನೀರು, 180, ಒಂದು ಕೊಡ ಬೋರು, 800, ಕೂಡಿದರೆ 980, ಹತ್ತರಿಂದ ಭಾಗಿಸಿದರೆ 98. ಬಿಕಾಂ ಓದಿದ ನಾನು ತಾಳೆ ನೋಡಿ ಸಹಿ ಹಾಕಿದೆ.

ಮೇ ತಿಂಗಳ ಅಡ್ಡಮಳೆಯಿಂದಲೇ ನೀರು ಹಿಡಿಯಲು ಶುರುಮಾಡಿದೆವು. ಮೊದಲ ಎರಡು ಮಳೆ ಮಾಳಿಗೆಯ ಧೂಳು ತೊಳೆಯಲು ಬಿಟ್ಟು, ಮೂರನೆಯದನ್ನು ಡ್ರಮ್ಮಿಗೆ. ಬಾಯಿಗೆ ಹಳೇ ಧೋತರದ ಬಟ್ಟೆ ಕಟ್ಟಬೇಕು, ಇಲ್ಲವಾದರೆ ಮೀನಿನ ಬದಲು ಸೊಳ್ಳೆ ಸಾಕಿದಂತಾಗುತ್ತದೆ. ಶಾಲೆಯ ಕಂಪೌಂಡಿನಲ್ಲಿ ದೊಡ್ಡ ಎಲೆಯ ಬಾದಾಮಿ ಗಿಡ ಇರುತ್ತದಲ್ಲ, ಅದರ ಒಣಗಿ ಉದುರಿದ ನಾಲ್ಕು ಎಲೆ ಹಾಕಿದರೆ ಎರಡು ದಿನಕ್ಕೆ ನೀರು ಡಿಕಾಕ್ಷನ್ ಬಣ್ಣಕ್ಕೆ ಬಂತು. ತೊಟ್ಟಿಯ ನೀರನ್ನು ಒಮ್ಮೆಲೇ ಬದಲಿಸಬಾರದು, ಮೀನಿಗೆ ಧಸಕ್ ಅನ್ನುತ್ತದೆ. ದಿನಕ್ಕೊಂದು ಕೊಡದ ಹಾಗೆ ಮೂರು ವಾರ ಹಿಡಿಯಿತು. ಇಷ್ಟು ಮೆದುವಾದ ನೀರು ಬೇಗ ಏರುಪೇರಾಗುತ್ತದೆ, ಆದ್ದರಿಂದ ಹೊಲಸು ನಿಲ್ಲಲು ಬಿಡಬಾರದು. ಇನ್ನೊಂದು ಮಾತು. ನಮ್ಮ ಕಡೆ ಮೀನಿಗೆ ಏನೇ ಆದರೂ ಒಂದು ಹಿಡಿ ಕಲ್ಲುಪ್ಪು ಹಾಕುವ ರೂಢಿ ಇದೆ. ಈ ಮೀನಿಗೆ ದಯವಿಟ್ಟು ಬೇಡ.

ಜೂನ್ ತಿಂಗಳು, ಮೃಗಶಿರಾ ಮಳೆ ಹಿಡಿದ ಮೂರನೆಯ ದಿನ, ತಣ್ಣಗಿನ ಮಳೆ ನೀರು ಎರಡು ಕೊಡ ಹಾಕಿದ ರಾತ್ರಿಯೇ ಹೆಣ್ಣು ಗವಿ ಹೊಕ್ಕಿತು. ಬೆಳಗ್ಗೆ ಹೆಣ್ಣು ಹೊರಗೆ, ಮೀಸೆ ಮಾವ ಒಳಗೆ. ಅವನ ಹೊಟ್ಟೆಯ ಕೆಳಗೆ ಕಿತ್ತಳೆ ಬಣ್ಣದ ಗೊಂಚಲು, ಒಂದೊಂದೂ ಸಾಸಿವೆಗಿಂತ ದೊಡ್ಡ ಕಾಳು. ಈ ಕುಲದಲ್ಲಿ ತಾಯಿಯ ಕೆಲಸ ಅಲ್ಲಿಗೆ ಮುಗಿಯಿತು. ಇನ್ನು ಎಲ್ಲ ಅಪ್ಪನದು. ಬಾಯಿಗೆ ಅಡ್ಡ ಮಲಗಿ, ಪಕ್ಕದ ರೆಕ್ಕೆಗಳಿಂದ ಹಗಲೂ ರಾತ್ರಿ ಬೀಸಣಿಗೆ ಬೀಸುತ್ತಾನೆ. ಮೊಟ್ಟೆಗೆ ಹೊಸ ನೀರು ಸೋಕುತ್ತಿರಬೇಕು, ಇಲ್ಲವಾದರೆ ಉಸಿರುಗಟ್ಟಿ ಸಾಯುತ್ತವೆ. ಕೆಟ್ಟ ಮೊಟ್ಟೆಯನ್ನು ಬಾಯಿಂದ ಆರಿಸಿ ತೆಗೆಯುತ್ತಾನೆ. ಊಟ ಹೆಚ್ಚುಕಡಿಮೆ ಇಲ್ಲ.

ಆ ಮೀಸೆಯ ಬಗ್ಗೆ ಒಂದು ಸೊಗಸಾದ ವಿಚಾರ ಇದೆ. ಸಬಾಜ್, ಆರ್ಮ್‌ಬ್ರಸ್ಟರ್, ಪೇಜ್ ಎಂಬ ಮೂವರು ವಿಜ್ಞಾನಿಗಳು 1999ರಲ್ಲಿ ಬರೆದದ್ದು. ಮರಿ ನೋಡಿಕೊಳ್ಳುವ ಗಂಡನ್ನು ಹೆಣ್ಣು ನಂಬುತ್ತದೆ, ಇವನು ಒಳ್ಳೆಯ ತಂದೆ ಅಂತ. ಮೂತಿಯ ಮೇಲೆ ಅಲ್ಲಾಡುವ ಮೀಸೆ ದೂರದಿಂದ ನೋಡಿದರೆ ಮರಿಗಳ ಹಾಗೇ ಕಾಣುತ್ತದೆ. ಮರಿ ಇಲ್ಲದವನೂ ‘ನೋಡು, ನನ್ನ ಹತ್ತಿರ ಎಷ್ಟು ಮರಿ!’ ಎಂದು ತೋರಿಸಿದ ಹಾಗೆ ಎಂದು ಅವರ ಊಹೆ. ಮೊಮ್ಮಗಳಿಗೆ ಹೇಳಿದೆ. ‘ಹಂಗಾರ ಅಜ್ಜಾ, ನಿಮ್ಮ ಮೀಸಿ?’ ಅಂದಳು. ಅಜ್ಜಿ ಒಳಗಿನಿಂದ ನಕ್ಕದ್ದು ಕೇಳಿಸಿತು. ಮೂತಿಯ ಅಲಂಕಾರ ಬರೀ ಬ್ರೆಜಿಲ್ಲಿನ ಸ್ವತ್ತು ಎಂದುಕೊಳ್ಳಬೇಡಿ. ನಮ್ಮ ತುಂಗಾ ನದಿಯಲ್ಲೇ ಕಲ್ಲಿಗೆ ಅಂಟಿಕೊಳ್ಳುವ, ಮೂತಿಯ ಮೇಲೆ ಎರಡು ಕೋಡಿನಂಥ ಗುಬುಟುಗಳಿರುವ ಮೀನಿದೆ. 1920ರಲ್ಲಿ ಅದಕ್ಕೆ ಗಾರಾ ಬೈಕಾರ್ನ್ಯೂಟ ಎಂದು ಹೆಸರಿಟ್ಟವರು ನಮ್ಮ ಸಿ.ಆರ್. ನಾರಾಯಣ ರಾವ್. ‘ಕರೆಂಟ್ ಸೈನ್ಸ್’ ಪತ್ರಿಕೆಯನ್ನು ಕಟ್ಟಿ ಬೆಳೆಸಿದ ಪ್ರಾಧ್ಯಾಪಕರು. ತುಂಗೆಯೇ ಮುಂದೆ ಭದ್ರೆಯನ್ನು ಕೂಡಿಕೊಂಡು ರಾಣೆಬೆನ್ನೂರು ತಾಲ್ಲೂಕಿನ ಅಂಚಿನಲ್ಲಿ ಹರಿಯುವುದು. ಇಂಥ ಮೀನುಗಳಿರುವ ನೀರಿಗೇ ನಾವು ಬಕೆಟ್ಟು ಬೋರಲು ಹಾಕುವುದು.

ಮೊಟ್ಟೆ ಇಟ್ಟ ನಾಲ್ಕನೆಯ ರಾತ್ರಿ ಗಾಳಿ ಮಳೆ ಜೋರಾಯಿತು. ಹನ್ನೊಂದಕ್ಕೆ ಕರೆಂಟು ಹೋಯಿತು. ಇನ್ವರ್ಟರಿನ ಬ್ಯಾಟರಿ ಸತ್ತು ವಾರವಾಗಿತ್ತು, ನಾಳೆ ನಾಳೆ ಎಂದು ಬಿಟ್ಟಿದ್ದೆ. ಫಿಲ್ಟರು ನಿಂತಿತು, ಗಾಳಿ ಪಂಪು ನಿಂತಿತು. ಒಂದು ತಾಸಿನ ಮೇಲೆ ಮೊಂಬತ್ತಿ ಹಿಡಿದು ನೋಡಿದರೆ ಹೆಣ್ಣುಗಳು ಒಂದೊಂದಾಗಿ ಸರ್ರನೆ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಕೆಳಗೆ ಹೋಗುತ್ತಿದ್ದವು. ಇವುಗಳಿಗೂ ಆ ವಿದ್ಯೆ ಇದೆ, ಹೊಟ್ಟೆಯಿಂದಲೇ ಉಸಿರಾಡುತ್ತವೆ. ಇನ್ನೊಂದು ಗಂಡೂ ಬಂದು ಹೋಯಿತು. ಮೀಸೆ ಮಾವ ಮಾತ್ರ ಬರಲಿಲ್ಲ.

ಮೊಮ್ಮಗಳು ಎದ್ದು ಬಂದು ಗಾಜಿಗೆ ಮೂಗು ಒತ್ತಿದಳು. ‘ಅಜ್ಜಾ, ಅಂವ ಹೊರಗ ಬರವಲ್ಲ.’

‘ಬಂದ್ರ ಮೊಟ್ಟಿಗೆ ಬೀಸವರು ಯಾರು?’

‘ಹಂಗಾರ ಅಂವ ಸಾಯ್ತಾನ?’

ಇದಕ್ಕೆ ಉತ್ತರ ಗೊತ್ತಿರಲಿಲ್ಲ. ಅಡುಗೆಮನೆಯಿಂದ ಎರಡು ತಂಬಿಗೆ ತಂದೆವು. ತೊಟ್ಟಿಯ ನೀರನ್ನೇ ಮೊಗೆದು ಒಂದು ಗೇಣು ಎತ್ತರದಿಂದ ಮತ್ತೆ ಸುರಿಯುವುದು, ಗುಳ್ಳೆ ಏಳುವ ಹಾಗೆ, ಆದರೆ ಗವಿಯ ಕಡೆ ರಭಸ ಹೋಗದ ಹಾಗೆ. ನೂರು ತಂಬಿಗೆ ನಾನು, ನೂರು ಅವಳು. ಅವಳಿಗೆ ನಿದ್ದೆ ಬಂದಾಗ ಅವಳ ನೂರು ಅಜ್ಜಿಯ ಪಾಲಿಗೆ ಬಂತು. ಮೂರು ಗಂಟೆಯ ಹೊತ್ತಿಗೆ ನನ್ನ ರಟ್ಟೆ ಕೇಳಲಿಲ್ಲ. ‘ಎಪ್ಪತ್ನಾಲ್ಕರಾಗ ಮೀನಿನ ಬಾಣಂತನ ಹಿಡದೀರಿ. ನನ್ನ ಬಾಣಂತನದಾಗ ಒಂದ್ ತಂಬಿಗಿ ನೀರು ಕೊಟ್ಟಿದ್ರೇನ್ರಿ?’ ಎಂದು ಆಕೆ ಕೇಳಿದಳು. ಕೊಟ್ಟಿರಲಿಲ್ಲ. ಆಗ ಗುತ್ತಲ ರಸ್ತೆಯ ತವರಿನಲ್ಲಿ ಆಕೆ, ಇಲ್ಲಿ ಅರ್ಧ ವಾರ್ಷಿಕ ಲೆಕ್ಕದಲ್ಲಿ ನಾನು. ಮಾತಾಡದೆ ನೀರು ಸುರಿದೆ.

ಆರಕ್ಕೆ ಕರೆಂಟು ಬಂತು. ಮೀಸೆ ಮಾವನ ರೆಕ್ಕೆ ಇನ್ನೂ ಆಡುತ್ತಿತ್ತು. ಮುಂದಿನ ದಿನ ಬಿಟ್ಟು ಅದರ ಮರುದಿನ ಮೊಟ್ಟೆ ಒಡೆದವು. ಮೊದಲು ಕಾಣುವುದು ಬಾಲ ಅಂಟಿಸಿದ ಹಳದಿ ಹೊಟ್ಟೆಗಳಷ್ಟೇ. ಆ ಹೊಟ್ಟೆಯ ಬುತ್ತಿ ತೀರುವವರೆಗೆ ಅಪ್ಪ ಅವುಗಳನ್ನು ಹೊರಗೆ ಬಿಡುವುದಿಲ್ಲ. ವಾರದ ಮೇಲೆ ಒಂದು ಮುಂಜಾನೆ ಗಾಜಿನ ಮೇಲೆಲ್ಲ ಎಳ್ಳಿನ ಗಾತ್ರದ ಕಣ್ಣುಗಳು. ಎಣಿಸಿದೆವು, 37. ಇವತ್ತಿನ ಶಿಲ್ಕು 34.

ಮರಿಗಳ ಊಟ ಸುಲಭ, ಆದರೆ ದಿನವಿಡೀ ಬೇಕು. ಮೈಗಿಂತ ಎಷ್ಟೋ ಪಟ್ಟು ಉದ್ದದ ಕರುಳು ಸುತ್ತಿಕೊಂಡಿರುತ್ತದೆ, ಹಸಿವು ತಡೆಯುವುದಿಲ್ಲ. ಸವತೆಕಾಯಿ, ಹೀರೇಕಾಯಿ, ಸ್ವಲ್ಪ ಬೇಯಿಸಿದ ಪಾಲಕ. ಸಂತೆಯ ಕಾಯಿಗೆ ಔಷಧ ಹೊಡೆದಿರುತ್ತಾರೆ, ಸಿಪ್ಪೆ ಹೆರೆದು ತೊಳೆದೇ ಹಾಕಬೇಕು. ಬೆಳಗ್ಗೆ ಹಾಕಿದ್ದನ್ನು ಸಂಜೆ ತೆಗೆಯಬೇಕು. ಒಂದು ಮರದ ಬೊಡ್ಡೆಯ ತುಂಡು ಇರಲಿ, ಕೆರೆದುಕೊಂಡು ತಿನ್ನುತ್ತವೆ. ದೊಡ್ಡವನ್ನು ಬಲೆಯಿಂದ ಹಿಡಿಯಬೇಡಿ, ಕೆನ್ನೆಯ ಮುಳ್ಳು ಸಿಕ್ಕಿಕೊಳ್ಳುತ್ತದೆ. ಬಟ್ಟಲು ಸಾಕು.

ರಾಣೆಬೆನ್ನೂರಿನ ಒಬ್ಬ ಹುಡುಗಿ, ಈ ಅಂಕಣದ ಓದುಗಳೇ, ಅಪ್ಪನ ಜೊತೆ ಬಂದು ನಾಲ್ಕು ಮರಿ ಕೇಳಿದಳು. ಯಾರಿಗೇ ಕೊಡುವ ಮೊದಲು ನಾನೊಂದು ಪರೀಕ್ಷೆ ಮಾಡುತ್ತೇನೆ. ಎರಡು ಗಾಜಿನ ಲೋಟದಲ್ಲಿ ಎರಡು ಮರಿ ಇಟ್ಟು, ಯಾವುದು ಮೀಸೆ ಮೀನು, ಯಾವುದು ಸಕ್ಕರಿ ಮೀನು ಎಂದು ಕೇಳುವುದು. ಎರಡಕ್ಕೂ ಮೀಸೆ ಇರುವುದಿಲ್ಲ, ಎರಡೂ ಗಾಜಿಗೆ ಅಂಟಿರುತ್ತವೆ. ಗುಟ್ಟು ಬೆನ್ನಿನ ರೆಕ್ಕೆಯಲ್ಲಿದೆ. ರೆಕ್ಕೆ ಎತ್ತಿದಾಗ ಮುಂದಿನ ಗಟ್ಟಿ ಮುಳ್ಳನ್ನು ಬಿಟ್ಟು ಹಿಂದಿನ ಕಡ್ಡಿ ಎಣಿಸಬೇಕು. ಮೀಸೆ ಮೀನಿಗೆ ಸಾಮಾನ್ಯವಾಗಿ ಏಳು. ಹತ್ತು, ಹದಿಮೂರು ಹೀಗೆ ಬಂದರೆ ಅದು ಅಡಿ ದಾಟುವ ಸಕ್ಕರಿ. ಹುಡುಗಿ ಭೂತಗನ್ನಡಿ ಹಿಡಿದು ಹತ್ತು ನಿಮಿಷ ಕೂತಳು. ‘ಇದಕ್ಕ ಏಳು, ಅದಕ್ಕ ಹನ್ನೊಂದು ರೀ ಅಜ್ಜಾರ’ ಅಂದಳು. ನಾಲ್ಕು ಮರಿ ಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ. ಅವಳ ಅಪ್ಪ ತಲೆ ಕೆರೆದುಕೊಂಡು, ‘ಆ ಹನ್ನೊಂದರದ್ದು ನಮ್ಮ ಮನ್ಯಾಗ ಒಂದೈತ್ರಿ. ಈ ಅಮಾಸಿಗೆ ಹೊಳಿಗೆ ಬಿಡಬೇಕಂತ ಮಾಡಿದ್ವಿ’ ಅಂದರು. ಬಿಡಬೇಡಿ, ನನಗೇ ತಂದುಕೊಡಿ ಎಂದೆ. ಹಿತ್ತಲಿನಲ್ಲಿ ಹಳೇ ಸಿಮೆಂಟಿನ ನೀರಿನ ತೊಟ್ಟಿ ಇದೆ. ಅದರಲ್ಲಿ ಹೀಗೆ ಬಂದ ಸಕ್ಕರಿ ಮೀನು ಈಗ ಮೂರು. ನಿಮ್ಮ ಮನೆಯಲ್ಲೂ ಅದು ದೊಡ್ಡದಾಗಿದ್ದರೆ ಅಂಗಡಿಗೋ ದೊಡ್ಡ ತೊಟ್ಟಿ ಇರುವವರಿಗೋ ಕೊಡಿ. ಕೆರೆಗೆ, ಹೊಳೆಗೆ, ಬಾವಿಗೆ ಬೇಡ.

ಪರೀಕ್ಷೆಗೆ ಬೇಕಾದ ಆ ಸಣ್ಣ ಸಕ್ಕರಿ ಮರಿ ನನಗೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಅದೇ ಕೆರೆಯಿಂದ. ಹೋದ ತಿಂಗಳು ದಂಡೆಗೆ ಹೋಗಿ, ಬಲೆ ಬಿಡಿಸುತ್ತಿದ್ದ ಅವರ ಪಕ್ಕ ಕೂತು, 2013ರ ಭಾನುವಾರದ ಕಥೆಯನ್ನು ಮೊದಲಿನಿಂದ ಹೇಳಿದೆ. ಬಕೆಟ್ಟು, ಮೊಮ್ಮಗ ಕೈಮುಗಿದದ್ದು, ಆಮೇಲೆ ನಾನು ಸುಮ್ಮನೆ ಎದ್ದು ಹೋದದ್ದು ಎಲ್ಲ. ಅವರು ಕೈ ನಿಲ್ಲಿಸಲಿಲ್ಲ, ಬಹಳ ಹೊತ್ತು ಮಾತೂ ಆಡಲಿಲ್ಲ. ಕೊನೆಗೆ, ‘ಹಂಗಾರ ಒಂದು ಬಲಿ ಕೊಡಸ್ರಿ ಸಾಹೇಬ್ರ’ ಅಂದರು.

ಮರುದಿನ ಇಬ್ಬರೂ ಬಸ್ ಹತ್ತಿ ರಾಣೆಬೆನ್ನೂರಿಗೆ ಹೋದೆವು. ಬಲೆಯನ್ನು ಅವರೇ ಆರಿಸಿದರು. ಕಣ್ಣು ಎಷ್ಟು ದೊಡ್ಡದಿರಬೇಕು, ದಾರ ಎಷ್ಟು ದಪ್ಪ ಇರಬೇಕು ಎಂದು ಅಂಗಡಿಯಲ್ಲಿ ಅರ್ಧ ತಾಸು ಚೌಕಾಸಿ ಮಾಡಿದರು. ಬರುವಾಗ ಚಹಾದ ದುಡ್ಡನ್ನು ನನಗೆ ಕೊಡಲು ಬಿಡಲಿಲ್ಲ.